ಸೆನ್ಸರ್ ಬದಲಿಸುವ ಮೊದಲು ಆ ಖಾಲಿ ಪ್ಲಗ್ ನೋಡಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕೆಂಪುಕಲ್ಲಿನ ಹಳೆಯ ಗೋಡೆ, ಹೆಂಚಿನ ಮಾಡು. ಬೆಂಗಳೂರಿನಲ್ಲಿರುವ ಮಗ ಬೇಸಗೆಯಲ್ಲಿ ಬಂದಾಗ ಒಂದು ಝಿಗ್‌ಬೀ ಹಬ್ (ಝಿಗ್‌ಬೀ ಎಂಬ ತಂತಿಯಿಲ್ಲದ ಸಂಪರ್ಕದಲ್ಲಿ ಸೆನ್ಸರ್‌ಗಳ ಸಂದೇಶ ಪಡೆಯುವ ಡಬ್ಬಿ) ಮತ್ತು ಮೂರು ಸೆನ್ಸರ್ ಹಾಕಿ ಹೋಗಿದ್ದಾನೆ. ಎದುರು ಬಾಗಿಲಿಗೆ ಒಂದು, ಅಡಿಕೆ ಇಡುವ ಕೋಣೆಯಲ್ಲಿ ತೇವಾಂಶ ನೋಡಲು ಒಂದು, ತೋಟದ ಪಂಪ್‌ಶೆಡ್ ಬಾಗಿಲಿಗೆ ಒಂದು. ಹಬ್ ಚಾವಡಿಯಲ್ಲಿ ವೈಫೈ ಮೋಡೆಮ್ ಮೇಲೆಯೇ ಇದೆ. ಹಿಂದಿನ ಜಗಲಿಯಲ್ಲಿ ಒಂದು ಸ್ಮಾರ್ಟ್ ಪ್ಲಗ್ ಕೂಡ ಇದೆ, ಅದಕ್ಕೆ ಏನನ್ನೂ ಸಿಕ್ಕಿಸಿಲ್ಲ, ಯಾಕೆ ಹಾಕಿದನೋ ಗೊತ್ತಿಲ್ಲ. ಎದುರು ಬಾಗಿಲಿನದ್ದು ಸರಿ ಇದೆ. ಉಳಿದೆರಡು ಮಳೆಗಾಲ ಶುರುವಾದ ಮೇಲೆ ಆಗಾಗ ಆಫ್‌ಲೈನ್ ತೋರಿಸುತ್ತವೆ, ಈ ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಮಳೆಯಲ್ಲಂತೂ ದಿನ ಬಿಟ್ಟು ದಿನ, ಅದೂ ಸಂಜೆ ಹೊತ್ತಿಗೆ. ಬ್ಯಾಟರಿ ಬದಲಿಸಿದೆ. ಪುನಃ ಪೇರ್ ಮಾಡಿದರೆ, ಅಂದರೆ ಹಬ್‌ಗೆ ಹೊಸದಾಗಿ ಜೋಡಿಸಿದರೆ, ಒಂದೆರಡು ದಿನ ಸರಿ, ಮತ್ತೆ ಅದೇ ಕತೆ. ಅಂಗಡಿಯವರು ಸೆನ್ಸರೇ ಹಾಳು, ಬೇರೆ ಹಾಕಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಹೊಸ ಸೆನ್ಸರ್ ಸದ್ಯಕ್ಕೆ ತರಬೇಡಿ. ಎರಡು ಸೆನ್ಸರ್‌ಗಳು ಒಂದೇ ಮಳೆಗಾಲದಲ್ಲಿ ಒಂದೇ ಥರ ಹಾಳಾಗುವುದು ತೀರಾ ಅಪರೂಪ. ಹಬ್ ಹತ್ತಿರ ಇರುವುದು ಗಟ್ಟಿಯಾಗಿದ್ದು ದೂರದ ಎರಡೇ ಕೈಕೊಡುತ್ತವೆ ಅಂದರೆ ತೊಂದರೆ ಸೆನ್ಸರ್‌ನ ಒಳಗಿಲ್ಲ, ಅಲ್ಲಿಂದ ಹಬ್‌ಗೆ ಬರುವ ದಾರಿಯಲ್ಲಿದೆ. ನನ್ನ ಸಂಶಯವೆಲ್ಲ ನಿಮ್ಮ ಹಿಂದಿನ ಜಗಲಿಯ ಆ ಖಾಲಿ ಪ್ಲಗ್ ಮೇಲೆ.

ಮಗ ಅದನ್ನು ಸುಮ್ನೆ ಹಾಕಿಲ್ಲ. ಸೆಲ್ ಹಾಕುವ ಝಿಗ್‌ಬೀ ಸೆನ್ಸರ್‌ಗಳು ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತವೆ. ಹಾಗಿದ್ದರೆ ಮಾತ್ರ ಒಂದು ಸಣ್ಣ ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಏನಾದರೂ ಹೇಳಲಿದ್ದಾಗ ಎದ್ದು, ಒಂದು ಚಿಕ್ಕ ಸಂದೇಶ ಕಳಿಸಿ, ಮತ್ತೆ ಮಲಗುತ್ತವೆ. ಅವುಗಳ ದನಿ ಕೂಡ ಸಣ್ಣದು, ಕೆಲವೇ ಮಿಲಿವ್ಯಾಟ್. ಒಂದು ಸೆನ್ಸರ್ ಇನ್ನೊಂದರ ಸಂದೇಶವನ್ನು ಹೊತ್ತು ಮುಂದೆ ದಾಟಿಸುವುದಿಲ್ಲ. ಆ ಕೆಲಸ ಮಾಡುವುದು ಸದಾ ಕರೆಂಟಿನಲ್ಲಿರುವ ಸಾಧನಗಳು: ಸ್ಮಾರ್ಟ್ ಪ್ಲಗ್, ಸ್ವಿಚ್ಚು, ಕೆಲವು ಬಲ್ಬುಗಳು. ಊರಿನಿಂದ ಪೇಟೆಗೆ ಬಸ್ಸಿನವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತೇವಲ್ಲ, ಹಾಗೆ. ಬಸ್ಸು ಬಾರದ ದಿನ ಚೀಟಿ ಬರೆದವರ ತಪ್ಪೇನೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಆ ಬಸ್ಸು ಅಂದರೆ ಜಗಲಿಯ ಪ್ಲಗ್. ಅಡಿಕೆ ಕೋಣೆಯದ್ದೂ ಪಂಪ್‌ಶೆಡ್‌ನದ್ದೂ ಅದರ ಮೂಲಕವೇ ಚಾವಡಿಗೆ ಬರುವ ಹಾಗೆ ಮಗ ಲೆಕ್ಕ ಹಾಕಿರಬೇಕು.

ಈಗ ಹೇಳಿ ಮಾರಾಯ್ರೇ, ಗುಡುಗು ಶುರುವಾದ ಕೂಡಲೇ ನಿಮ್ಮ ಮನೆಯಲ್ಲಿ ಮೊದಲು ಮಾಡುವ ಕೆಲಸ ಯಾವುದು? ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದೇ. ಟಿವಿ ಪ್ಲಗ್ ಕೀಳು, ಮೋಡೆಮ್ ಕೀಳು, ಫ್ರಿಜ್ ಕೀಳು. ಅದರ ಜೊತೆಗೆ, ಏನೂ ಸಿಕ್ಕಿಸದ ಆ ಪ್ಲಗ್ಗನ್ನೂ ಯಾರೋ ಕಿತ್ತು ಬದಿಗಿಟ್ಟಿರುತ್ತಾರೆ, ಅಥವಾ ಗೋಡೆಯ ಸ್ವಿಚ್ ಆಫ್ ಮಾಡಿರುತ್ತಾರೆ. ಜೂನ್, ಜುಲೈಯ ಮಳೆಯಲ್ಲಿ ಗುಡುಗು ಕಡಿಮೆ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನ ಮೋಡ ಕಟ್ಟಿ ಸಂಜೆ ಹೊತ್ತಿಗೆ ಸಿಡಿಲು. ನೀವು ಬರೆದ 'ಸಂಜೆ ಹೊತ್ತಿಗೆ' ಎಂಬ ಮಾತು ಇದಕ್ಕೆ ಸರಿಯಾಗಿ ಕೂಡಿ ಬರುತ್ತದೆ. ಯಾರೂ ಕೀಳುವುದಿಲ್ಲ ಅಂತಾದರೆ ಕರೆಂಟು ಹೋಗುವುದು ಇದ್ದೇ ಇದೆ. ಮೋಡೆಮ್ ಮತ್ತು ಹಬ್ ಇನ್ವರ್ಟರ್ ಲೈನಿನಲ್ಲಿದ್ದು ಜಗಲಿಯ ಪ್ಲಗ್ ಪಾಯಿಂಟ್ ಇನ್ವರ್ಟರಿಗೆ ಸೇರದೇ ಇರುವ ಮನೆಗಳೇ ಜಾಸ್ತಿ. ಕರೆಂಟು ಹೋದಾಗ ಹಬ್ ಎಚ್ಚರ, ಸೆನ್ಸರ್ ಎಚ್ಚರ, ನಡುವಿನವನು ಮಾತ್ರ ಇಲ್ಲ.

ಪ್ಲಗ್ ವಾಪಸ್ ಹಾಕಿದ ಮೇಲೆ ತಾನಾಗಿಯೇ ಸರಿಯಾಗಬೇಕಲ್ವಾ ಅಂತ ಕೇಳಬಹುದು. ಆಗಬೇಕು, ಆದರೆ ಯಾವಾಗಲೂ ಆಗುವುದಿಲ್ಲ. ಸೆನ್ಸರ್ ಎದ್ದು ಸಂದೇಶ ಕಳಿಸುತ್ತದೆ, 'ಮುಟ್ಟಿತು' ಎಂಬ ಉತ್ತರ ಬರುವುದಿಲ್ಲ, ಮತ್ತೆ ಕೆಲವು ಸಲ ಕಳಿಸುತ್ತದೆ. ಆಮೇಲೆ ಹತ್ತಿರ ಬೇರೆ ಯಾರಾದರೂ ಇದ್ದಾರಾ ಎಂದು ಹುಡುಕುತ್ತದೆ. ದೂರದಲ್ಲಿ ಹಬ್ ಕ್ಷೀಣವಾಗಿ ಕೇಳಿಸಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಮರುದಿನ ಪ್ಲಗ್ ವಾಪಸ್ ಬಂದರೂ ಎಷ್ಟೋ ಸೆನ್ಸರ್‌ಗಳು ಹಳೆಯ ಜಾಗಕ್ಕೆ ಮರಳುವುದಿಲ್ಲ, ಆ ಕ್ಷೀಣ ದಾರಿಯನ್ನೇ ಹಿಡಿದುಕೊಂಡು ಕೂರುತ್ತವೆ, ಒಂದು ಒಳ್ಳೆಯ ಮಳೆ ಬಂದು ಗೋಡೆ ನೆನೆದ ಕೂಡಲೇ ಅದೂ ತಪ್ಪಿ ಹೋಗುತ್ತದೆ. ಇನ್ನು ಕೆಲವು, ಯಾರೂ ಸಿಗದಿದ್ದರೆ ಸೆಲ್ ಉಳಿಸಲು ಹುಡುಕುವುದನ್ನೇ ಬಿಟ್ಟುಬಿಡುತ್ತವೆ. ಗುಂಡಿ ಒತ್ತಿ ಎಬ್ಬಿಸಿದರೆ ಮಾತ್ರ ಏಳುತ್ತವೆ. ಪ್ಲಗ್‌ಗಳಲ್ಲೂ ಕೆಲವು ಕರೆಂಟು ಹೋಗಿ ಬಂದ ಮೇಲೆ ತನ್ನ ಅಡಿಯಲ್ಲಿ ಯಾವ ಸೆನ್ಸರ್ ಇತ್ತು ಎಂಬುದನ್ನೇ ಮರೆಯುತ್ತವೆ.

ಹಾಗಾದರೆ ಪೇರ್ ಮಾಡಿದ ಮೇಲೆ ಒಂದೆರಡು ದಿನ ಸರಿ ಇರುವುದು ಯಾಕೆ? ನೀವು ಪೇರ್ ಮಾಡುವುದು ಹೇಗೆ ಎಂದು ಬರೆದಿಲ್ಲ. ನನ್ನ ಅಂದಾಜು ಇದು: ಸೆನ್ಸರ್ ಬಿಚ್ಚಿ ಚಾವಡಿಗೆ ತರುತ್ತೀರಿ, ಹಬ್ ಪಕ್ಕದಲ್ಲಿ ಹಿಡಿದು ಗುಂಡಿ ಒತ್ತುತ್ತೀರಿ, ಆ್ಯಪ್‌ನಲ್ಲಿ ಬಂತು ಎಂದು ಖುಷಿಯಾಗುತ್ತದೆ, ಕೊಂಡುಹೋಗಿ ಪುನಃ ಅಂಟಿಸುತ್ತೀರಿ. ಹೆಚ್ಚಿನವರು ಮಾಡುವುದು ಹಾಗೆಯೇ, ಡಬ್ಬಿಯೊಳಗಿನ ಚೀಟಿಯಲ್ಲೂ ಹಾಗೆಯೇ ಬರೆದಿರುತ್ತದೆ. ಆದರೆ ಹಬ್ ಪಕ್ಕದಲ್ಲಿ ಸೇರಿಸಿದ ಸೆನ್ಸರ್ ಹಬ್ಬನ್ನೇ ತನ್ನ ಆಸರೆ ಎಂದು ನೆನಪಿಟ್ಟುಕೊಳ್ಳುತ್ತದೆ. ಅಡಿಕೆ ಕೋಣೆಗೆ ಹೋದ ಮೇಲೂ ಅದು ಜಗಲಿಯ ಪ್ಲಗ್ ಕಡೆ ತಿರುಗಿಯೂ ನೋಡದೆ, ಎರಡು ಗೋಡೆ ದಾಟಿ ಹಬ್ ಜೊತೆಗೇ ಮಾತಾಡಲು ಹೆಣಗುತ್ತದೆ. ಒಂದೆರಡು ದಿನ ಹೇಗೋ ನಡೆಯುತ್ತದೆ, ಆಮೇಲೆ ಇಲ್ಲ.

ಆದ್ದರಿಂದ ಈ ಸಲ ಬೇರೆ ಕ್ರಮದಲ್ಲಿ ಮಾಡಿ. ಮೊದಲು ಜಗಲಿಯ ಪ್ಲಗ್ ಆ್ಯಪ್‌ನಲ್ಲಿ ಆನ್‌ಲೈನ್ ಇದೆಯಾ ನೋಡಿ. ಅದು ವೈಫೈ ಪ್ಲಗ್ ಅಲ್ಲ, ಝಿಗ್‌ಬೀ ಪ್ಲಗ್ ಎಂಬುದನ್ನೂ ಮಗನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ಆದರೆ ವೈಫೈ ಪ್ಲಗ್ ಝಿಗ್‌ಬೀ ಸಂದೇಶವನ್ನು ಎಂದಿಗೂ ದಾಟಿಸುವುದಿಲ್ಲ. ಅದು ವೈಫೈಯದ್ದು ಅಂತಾದರೆ ಇಲ್ಲಿಯವರೆಗೆ ಹೇಳಿದ ಅರ್ಧ ಕತೆ ಬಿಟ್ಟು ಒಂದು ಝಿಗ್‌ಬೀ ಪ್ಲಗ್ ತರಿಸಿ, ಅಷ್ಟೇ. ಝಿಗ್‌ಬೀಯದ್ದೇ ಆಗಿದ್ದರೆ, ಸೆನ್ಸರನ್ನು ಅದರ ಜಾಗದಲ್ಲೇ ಬಿಟ್ಟು, ಆ್ಯಪ್‌ನಲ್ಲಿ ಹೊಸ ಸಾಧನ ಸೇರಿಸುವ ಆಯ್ಕೆ ಒತ್ತಿ, ನೀವೇ ಅಡಿಕೆ ಕೋಣೆಗೆ ಹೋಗಿ ಅಲ್ಲಿ ನಿಂತು ಗುಂಡಿ ಒತ್ತಿ ಹಿಡಿಯಿರಿ. ಹಳೆಯದನ್ನು ಆ್ಯಪ್‌ನಿಂದ ಡಿಲೀಟ್ ಮಾಡಬೇಡಿ. ಮಾಡಿದರೆ ಮಗ ಮಾಡಿಟ್ಟ ಅಲರ್ಟುಗಳೂ ಹೋಗಬಹುದು. ಮನೆಯ ಸಾಧನಗಳನ್ನೆಲ್ಲ ಒಂದೆಡೆ ನಡೆಸುವ ಹೋಮ್ ಅಸಿಸ್ಟೆಂಟ್ ಥರದ ಸಾಫ್ಟ್‌ವೇರ್ ಮಗ ಹಾಕಿದ್ದರೆ ಇಂಥದೇ ಪ್ಲಗ್ ಮೂಲಕ ಸೇರಲಿ ಎಂದು ಆರಿಸುವುದಕ್ಕೂ ಅವಕಾಶವಿದೆ. ಬೆಂಗಳೂರಿನಿಂದಲೇ ಅವನು ಅದನ್ನು ಒತ್ತಬಹುದು, ನೀವು ಇಲ್ಲಿ ಗುಂಡಿ ಒತ್ತಿದರೆ ಸಾಕು. ಯಾವ ಸೆನ್ಸರ್ ಯಾರ ಮೂಲಕ ಮಾತಾಡುತ್ತಿದೆ ಎಂಬ ನಕ್ಷೆಯೂ ಅದರಲ್ಲಿ ಕಾಣುತ್ತದೆ. ಎಷ್ಟೋ ಸಲ ಆ ನಕ್ಷೆ ನೋಡಿದ ಕೂಡಲೇ ಅರ್ಧ ಉತ್ತರ ಸಿಗುತ್ತದೆ.

ಇಷ್ಟು ಹೇಳಿದರೂ ನನ್ನ ಮಾತನ್ನು ಹಾಗೆಯೇ ನಂಬಬೇಕಿಲ್ಲ. ಸೆನ್ಸರ್ ಹಾಳೋ ಜಾಗ ಹಾಳೋ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಎದುರು ಬಾಗಿಲಿನದ್ದೂ ಪಂಪ್‌ಶೆಡ್ ಬಾಗಿಲಿನದ್ದೂ ಒಂದೇ ಬಗೆಯವು ಅಲ್ವಾ? ಅದಲು ಬದಲು ಮಾಡಿ, ಎರಡನ್ನೂ ಹೊಸ ಜಾಗದಲ್ಲೇ ಪೇರ್ ಮಾಡಿ. ಒಂದು ವಾರ ಬಿಡಿ. ಪಂಪ್‌ಶೆಡ್‌ನಿಂದ ಎದುರು ಬಾಗಿಲಿಗೆ ಬಂದದ್ದು ಅಲ್ಲೂ ತಪ್ಪಿಹೋದರೆ ಸೆನ್ಸರೇ ಹಾಳು, ಅಂಗಡಿಯವರ ಮಾತು ಸರಿ. ಅದು ಸರಿಯಿದ್ದು, ಇಷ್ಟು ದಿನ ಚೆನ್ನಾಗಿದ್ದದ್ದು ಪಂಪ್‌ಶೆಡ್‌ಗೆ ಹೋದ ಮೇಲೆ ಹೋದರೆ ಜಾಗದ ದೋಷ. ದುಡ್ಡು ಕೊಡುವ ಮೊದಲು ಇದನ್ನು ಮಾಡಿ.

ಜೊತೆಗೆ, ಯಾವಾಗ ಹೋಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊತ್ತು, ಮಳೆ ಇತ್ತಾ, ಕರೆಂಟು ಹೋಗಿತ್ತಾ, ಪ್ಲಗ್ ಕಿತ್ತದ್ದಾ. 'ಆಗಾಗ ಹೋಗುತ್ತದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗುಡುಗಿನ ಸಂಜೆಗಳಲ್ಲೇ ಹೋಗಿದ್ದರೆ ಅದು ಪ್ಲಗ್. ಪಂಪು ಚಾಲೂ ಆದಾಗಲೇ ಹೋಗುವುದಾದರೆ ವೋಲ್ಟೇಜ್ ನೋಡಬೇಕು, ಯಾಕೆಂದರೆ ದೊಡ್ಡ ಮೋಟಾರ್ ಎಳೆದಾಗ ವೋಲ್ಟೇಜ್ ಕುಸಿದು ಪ್ಲಗ್ಗೋ ಹಬ್ಬೋ ಒಮ್ಮೆ ಸತ್ತು ಹುಟ್ಟುವುದುಂಟು. ಮಳೆ ಜೋರಾದ ದಿನಗಳಲ್ಲಿ ಮಾತ್ರ, ಕರೆಂಟು ಇದ್ದರೂ ಹೋಗುವುದಾದರೆ ನೀರು ಮತ್ತು ಗೋಡೆ. ಆಫ್‌ಲೈನ್ ಎಂಬ ಪದವನ್ನೂ ಪೂರ್ತಿ ನಂಬಬೇಡಿ. ಮಲಗುವ ಸೆನ್ಸರನ್ನು ಹಬ್ ಕರೆದು ಕೇಳಲು ಆಗುವುದಿಲ್ಲ, ಇಷ್ಟು ಹೊತ್ತಿನಿಂದ ಸದ್ದಿಲ್ಲ ಎಂಬುದರ ಮೇಲೆ ಅದು ಊಹೆ ಮಾಡುತ್ತದೆ. ಹಾಗಾಗಿ ಆಫ್‌ಲೈನ್ ಕಂಡಾಗ ಮೊದಲು ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ. ಎದ್ದರೆ ಎದ್ದಿತು. ಏಳದಿದ್ದರೆ ಗುಂಡಿಯನ್ನು ಒಂದು ಸಲ ಸುಮ್ನೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ, ಐದಾರು ಸೆಕೆಂಡು ಹಿಡಿದರೆ ಹೆಚ್ಚಿನವು ರೀಸೆಟ್ ಆಗಿಬಿಡುತ್ತವೆ, ಆಮೇಲೆ ಪೇರ್ ಮಾಡದೆ ಗತಿಯಿಲ್ಲ.

ಸಿಡಿಲಿನ ವಿಷಯಕ್ಕೆ ಬರೋಣ. ಪ್ಲಗ್ ಕೀಳಬೇಡಿ ಎಂದು ನಾನು ಹೇಳುವುದಿಲ್ಲ. ಕೀಳುವುದೇ ಸರಿ, ಅದೂ ಸಿಡಿಲು ತಲೆ ಮೇಲೆ ಬರುವ ಮೊದಲೇ. ಆದರೆ ಇದಕ್ಕೊಂದು ಉಪಾಯ ಇದೆ. ಯುಎಸ್‌ಬಿಯಲ್ಲಿ ನಡೆಯುವ ಝಿಗ್‌ಬೀ ರಿಪೀಟರ್ ಸಿಗುತ್ತದೆ, ಪ್ಲಗ್‌ನ ಹಾಗೆಯೇ ಸಂದೇಶ ದಾಟಿಸುತ್ತದೆ, ಬೆರಳಿನಷ್ಟು ಸಣ್ಣದು. ಮೋಡೆಮ್‌ಗೆ ಹಾಕುವ ಮಿನಿ ಯುಪಿಎಸ್ ಕೂಡ ಸಿಗುತ್ತದೆ, ಕೆಲವದರಲ್ಲಿ 12 ವೋಲ್ಟ್ ಜೊತೆಗೆ 5 ವೋಲ್ಟಿನ ಯುಎಸ್‌ಬಿ ತೂತೂ ಇರುತ್ತದೆ. ಚಾವಡಿಯಲ್ಲಿ ಒಂದು ಯುಪಿಎಸ್ ಇಟ್ಟು ಮೋಡೆಮ್ ಮತ್ತು ಹಬ್ ಅದಕ್ಕೆ ಕೊಡಿ, ಜಗಲಿಯಲ್ಲಿ ಇನ್ನೊಂದು ಇಟ್ಟು ರಿಪೀಟರ್ ಅದಕ್ಕೆ ಕೊಡಿ. ಗುಡುಗು ಬಂದರೆ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತರಾಯಿತು. ಒಳಗಿನ ಸಾಧನಗಳು ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತವೆ, ಸೆನ್ಸರ್‌ಗಳಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ. ತಾಮ್ರದ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುವುದಾದರೆ ಆ ತಂತಿಯನ್ನೂ ಮೋಡೆಮ್‌ನಿಂದ ಬಿಡಿಸಬೇಕು, ಅದನ್ನು ಮರೆಯಬೇಡಿ. ಇಷ್ಟೆಲ್ಲ ಬೇಡ ಎಂದರೆ ಕಡೇಪಕ್ಷ ವಾಪಸ್ ಹಾಕುವ ಕ್ರಮ ಒಂದು ಇಟ್ಟುಕೊಳ್ಳಿ: ಮೊದಲು ಮೋಡೆಮ್ ಮತ್ತು ಹಬ್, ಅವು ಪೂರ್ತಿ ಎದ್ದ ಮೇಲೆ ಜಗಲಿಯ ಪ್ಲಗ್, ಒಂದೈದು ನಿಮಿಷ ಬಿಟ್ಟು ಎರಡೂ ಸೆನ್ಸರ್‌ಗಳ ಗುಂಡಿ ಒಂದೊಂದು ಸಲ. ಆ ಪ್ಲಗ್ ಮೇಲೆ 'ತೆಗೆಯಬೇಡಿ' ಎಂದು ಚೀಟಿ ಅಂಟಿಸುವುದೂ ಒಂದು ದಾರಿ. ಸಿಡಿಲಿಗೆ ಹೋದರೆ ಒಂದು ಪ್ಲಗ್ ಹೋಗುತ್ತದೆ ಎಂಬ ಲೆಕ್ಕ ನಿಮಗೆ ಬಿಟ್ಟದ್ದು.

ಮೋಡೆಮ್ ಕಿತ್ತು ಹಾಕುವುದರಲ್ಲಿ ಇನ್ನೊಂದು ತೊಡಕು ಅಡಗಿದೆ, ಇದನ್ನು ಯಾರೂ ಗಮನಿಸುವುದಿಲ್ಲ. ವೈಫೈ ಮತ್ತು ಝಿಗ್‌ಬೀ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಮಾತಾಡುತ್ತವೆ. ವೈಫೈಯ ದನಿ ಎಷ್ಟೋ ಪಾಲು ದೊಡ್ಡದು. ನಿಮ್ಮ ಹಬ್ ಮೋಡೆಮ್ ಮೇಲೆಯೇ ಕೂತಿದೆ. ದೂರದ ಸೆನ್ಸರ್ ಪಿಸುಗುಟ್ಟುವುದು ಅದಕ್ಕೆ ಕೇಳಬೇಕು, ಪಕ್ಕದಲ್ಲೇ ಮೋಡೆಮ್ ಕಿರಿಚುತ್ತಿದೆ. ಮೊದಲು ಆ ಹಬ್ಬನ್ನು ಅಲ್ಲಿಂದ ಎತ್ತಿ ಕನಿಷ್ಠ ಒಂದೆರಡು ಮೀಟರ್ ಆಚೆ, ಸಾಧ್ಯವಾದರೆ ಎತ್ತರದಲ್ಲಿ ಇಡಿ. ಒಂದು ಉದ್ದದ ನೆಟ್‌ವರ್ಕ್ ತಂತಿ ಸಾಕು. ಹಬ್ ಬದಲು ಕಂಪ್ಯೂಟರಿಗೆ ಚುಚ್ಚುವ ಝಿಗ್‌ಬೀ ಕಡ್ಡಿ ಇರುವವರು ಅದನ್ನು ಯುಎಸ್‌ಬಿ 3 ತೂತಿಗೆ ನೇರ ಹಾಕಬಾರದು. ಯುಎಸ್‌ಬಿ 3ರ ಸದ್ದು ಇದೇ 2.4 ಗಿಗಾಹರ್ಟ್ಸ್‌ನಲ್ಲಿ ಸೋರುತ್ತದೆ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಬೇಕು.

ಚಾನೆಲ್ ಲೆಕ್ಕವನ್ನೂ ನೋಡಿ. ಆ 2.4 ಪಟ್ಟಿಯನ್ನು ಹಂಚಿದ ಒಂದೊಂದು ತುಂಡಿಗೆ ಚಾನೆಲ್ ಎನ್ನುತ್ತಾರೆ. ವೈಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಝಿಗ್‌ಬೀಯಲ್ಲಿ 11ರಿಂದ 26ರವರೆಗೆ ಹದಿನಾರು ಚಾನೆಲ್. ಎರಡು ಕಡೆಯ ಅಂಕೆಗಳಿಗೂ ಸಂಬಂಧ ಇಲ್ಲ, ಝಿಗ್‌ಬೀಯ 11 ಬೀಳುವುದು ವೈಫೈಯ 1ರ ಮೇಲೆ. ಝಿಗ್‌ಬೀಯ 15, 20 ಮತ್ತು 25 ವೈಫೈ ಚಾನೆಲ್‌ಗಳ ನಡುವಿನ ಸಂದಿಯಲ್ಲಿ ಅಥವಾ ಆಚೆ ಕೊನೆಯಲ್ಲಿ ಬೀಳುತ್ತವೆ. ಈಗ ನಿಮ್ಮ ಮೋಡೆಮ್ 'ಆಟೋ'ದಲ್ಲಿದ್ದರೆ ಪ್ರತಿ ಸಲ ಕಿತ್ತು ಹಾಕಿದಾಗಲೂ ಅದು ಹೊಸದಾಗಿ ಚಾನೆಲ್ ಆರಿಸುತ್ತದೆ. ನಿನ್ನೆ 1ರಲ್ಲಿದ್ದದ್ದು ಇವತ್ತು 11ಕ್ಕೆ ಹೋಗಿ ನಿಮ್ಮ ಝಿಗ್‌ಬೀ ಮೇಲೆ ಕೂರಬಹುದು. ಗುಡುಗಿನ ಮರುದಿನ ಎಲ್ಲ ಪ್ಲಗ್ ಹಾಕಿದ ಮೇಲೂ ಸೆನ್ಸರ್ ಹೋಗುವ ಮನೆಗಳಲ್ಲಿ ಇದನ್ನು ನೋಡಲೇಬೇಕು. ಪೇಟೆಯ ಫ್ಲಾಟಿನಲ್ಲಿ ಅಕ್ಕಪಕ್ಕದ ಹತ್ತು ವೈಫೈಗಳ ಕಾಟ ಇರುತ್ತದೆ. ನಿಮಗೆ ಆ ಕಾಟ ಇಲ್ಲ, ಪಕ್ಕದ ಮನೆ ಗುಡ್ಡೆಯ ಆಚೆ. ಇರುವ ಒಂದೇ ವೈಫೈ ನಿಮ್ಮದು, ಅದನ್ನು ಕಟ್ಟಿಹಾಕುವುದು ನಿಮ್ಮ ಕೈಯಲ್ಲೇ ಇದೆ. ಮೋಡೆಮ್‌ನ ಸೆಟ್ಟಿಂಗಿನಲ್ಲಿ 2.4ಕ್ಕೆ ಆಟೋ ತೆಗೆದು ಒಂದು ಚಾನೆಲ್ ನಿಲ್ಲಿಸಿ, ಅಗಲ 40 ಇದ್ದರೆ 20 ಮೆಗಾಹರ್ಟ್ಸ್ ಮಾಡಿ. ಝಿಗ್‌ಬೀ 20 ಅಥವಾ 25ರಲ್ಲಿದ್ದರೆ ವೈಫೈಗೆ 1 ಕೊಡಿ. ಝಿಗ್‌ಬೀ 11 ಅಥವಾ 15ರಲ್ಲಿದ್ದರೆ ವೈಫೈಗೆ 11 ಕೊಡಿ. ಬದಲಿಸುವುದಾದರೆ ವೈಫೈಯನ್ನೇ ಬದಲಿಸಿ. ಝಿಗ್‌ಬೀಯ ಚಾನೆಲ್ ಬದಲಿಸಿದರೆ ಸೆಲ್‌ನಲ್ಲಿ ನಡೆಯುವ ಸೆನ್ಸರ್‌ಗಳನ್ನು ಎಷ್ಟೋ ಸಲ ಪುನಃ ಪೇರ್ ಮಾಡಬೇಕಾಗುತ್ತದೆ. 26ನೇ ಚಾನೆಲ್ ಖಾಲಿ ಅಂತ ಆಸೆಪಡಬೇಡಿ, ಎಲ್ಲ ಸಾಧನಗಳೂ ಅದರಲ್ಲಿ ಸರಿಯಾಗಿ ನಡೆಯುವುದಿಲ್ಲ.

ಇನ್ನು ಮಳೆ. ಬೇಸಗೆಯಲ್ಲಿ ಸರಿಯಿದ್ದದ್ದು ಜೂನ್ ಆದ ಮೇಲೆ ಕೆಟ್ಟಿತು ಎಂಬುದಕ್ಕೆ ಇದೂ ಕಾರಣ. ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬರುವ ಊರು ನಮ್ಮದು. ಕೆಂಪುಕಲ್ಲು ಒಳಗೆಲ್ಲ ತೂತು ತೂತು, ನೀರು ಕುಡಿಯುತ್ತದೆ. ಗಾರೆ ಹಚ್ಚದ ಹೊರಗೋಡೆ ಆಟಿ ತಿಂಗಳಿಗಾಗುವಾಗ (ಜುಲೈ, ಆಗಸ್ಟ್) ಪೂರ್ತಿ ನೆನೆದಿರುತ್ತದೆ. ನೀರು ಈ ತರಂಗವನ್ನು ನುಂಗುತ್ತದೆ. ಬೇಸಗೆಯಲ್ಲಿ ಗೋಡೆ ದಾಟುತ್ತಿದ್ದ ಸಂಕೇತ ಈಗ ಅರ್ಧದಲ್ಲೇ ಸಾಯುತ್ತದೆ. ಹಳೆ ಮನೆಯ ಗೋಡೆಯ ದಪ್ಪ ನಿಮಗೇ ಗೊತ್ತು. ಮಗ ಬೇಸಗೆಯಲ್ಲಿ ಅಳೆದು ಸಾಕು ಎಂದದ್ದು ಮಳೆಗಾಲಕ್ಕೆ ಸಾಲಲಿಲ್ಲ. ಅಡಿಕೆ ಕೋಣೆಯ ಸೆನ್ಸರ್ ಗೋಣಿಗಳ ಸಂದಿಯಲ್ಲಿದ್ದರೆ ಮೇಲಕ್ಕೆತ್ತಿ, ಬಾಗಿಲಿನ ಕಡೆಗೆ, ಜಗಲಿಯ ಪ್ಲಗ್ ಮತ್ತು ಅದರ ನಡುವೆ ಗೋಡೆಯ ಬದಲು ಮರದ ಬಾಗಿಲು ಬರುವ ಹಾಗೆ ತೂಗುಹಾಕಿ. ಒಂದು ಗೇಣು ಆಚೀಚೆ ಮಾಡಿದರೂ ವ್ಯತ್ಯಾಸ ಕಾಣಬಹುದು. ಈ ತರಂಗದ ಉದ್ದವೇ ಸುಮಾರು 12 ಸೆಂಟಿಮೀಟರ್, ಗೋಡೆಗೆ ಬಡಿದು ಬಂದದ್ದೂ ನೇರ ಬಂದದ್ದೂ ಒಂದನ್ನೊಂದು ಕೊಲ್ಲುವ ಜಾಗಗಳು ಕೋಣೆಯಲ್ಲಿ ಅಲ್ಲಲ್ಲಿ ಇರುತ್ತವೆ. ಆ್ಯಪ್ ಸಿಗ್ನಲ್ ಅಂಕೆ ತೋರಿಸುವುದಾದರೆ ನೋಡಿಕೊಂಡು ಸರಿಸಿ. ಆದರೆ ಒಂದು ಕಂಪನಿಯ ಸೆನ್ಸರ್‌ನ ಅಂಕೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಅಳತೆ ಒಬ್ಬೊಬ್ಬರದ್ದು ಒಂದೊಂದು.

ಬ್ಯಾಟರಿ ಬದಲಿಸಿದ್ದೇನೆ ಎಂದಿದ್ದೀರಿ, ಹಾಗಾಗಿ ಎರಡೇ ಮಾತು. ಆ್ಯಪ್ ತೋರಿಸುವ ಶೇಕಡಾವನ್ನು ನಂಬಬೇಡಿ. ಸಿಆರ್2032 ಥರದ ಬಿಲ್ಲೆ ಸೆಲ್ ಕೊನೆಯವರೆಗೂ 3 ವೋಲ್ಟ್ ಆಸುಪಾಸೇ ತೋರಿಸುತ್ತಾ ಇದ್ದು, ಸಂದೇಶ ಕಳಿಸುವ ಕ್ಷಣದಲ್ಲಿ ಮಾತ್ರ ಕುಸಿಯುತ್ತದೆ. ಮೀಟರಿನಲ್ಲಿ ಹೊಸದು 3.2ರ ಹತ್ತಿರ ಬರಬೇಕು, 2.9ಕ್ಕಿಂತ ಕೆಳಗಿದ್ದರೆ ಬಿಸಾಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ತೂಗಾಡಿದ ಸೆಲ್ ಹೊಸದಾದರೂ ಹಳೆಯದೇ. ಕೆಲವು ಸೆಲ್‌ಗಳಿಗೆ ಮಕ್ಕಳು ನುಂಗದಿರಲಿ ಎಂದು ಕಹಿ ಲೇಪ ಇರುತ್ತದೆ, ಅದು ಕೆಲವು ಸಾಧನಗಳಲ್ಲಿ ಸಂಪರ್ಕ ಸರಿಯಾಗಿ ಸಿಗದ ಹಾಗೆ ಮಾಡುತ್ತದೆ. ಅದೇ ಅಳತೆಯ ರೀಚಾರ್ಜ್ ಸೆಲ್ ಮಾತ್ರ ಹಾಕಬೇಡಿ, ಪೂರ್ತಿ ತುಂಬಿದಾಗ ಅದು 4.2 ವೋಲ್ಟ್, ಸೆನ್ಸರ್ ಸುಟ್ಟೇ ಹೋಗಬಹುದು. ಸೆಲ್ ಕೂರುವ ತಗಡಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ. ಇರುವೆ ಗೂಡು ಕಟ್ಟಿದೆಯಾ ಎಂದೂ ನೋಡಿ. ತಮಾಷೆ ಅಲ್ಲ, ಮಳೆಗಾಲದಲ್ಲಿ ಒಣಗಿದ ಜಾಗ ಕಂಡರೆ ಇರುವೆ ಬಿಡುವುದಿಲ್ಲ. ಸೆಲ್ ಬೇಗ ಬೇಗ ಮುಗಿಯುತ್ತಿದ್ದರೆ ಅದಕ್ಕೂ ಬಹುತೇಕ ದಾರಿ ಸರಿಯಿಲ್ಲದ್ದೇ ಕಾರಣ. ಮತ್ತೆ ಮತ್ತೆ ಕೂಗಿ, ಮತ್ತೆ ಮತ್ತೆ ಹುಡುಕಿ ಅದು ಬಸವಳಿಯುತ್ತದೆ.

ಬಾಗಿಲಿನ ಸೆನ್ಸರ್ ಬಗ್ಗೆ ಒಂದು ಉಪಮಾತು. ಮಳೆಗಾಲದಲ್ಲಿ ಹಲಸಿನ ಮರದ ಬಾಗಿಲು ಉಬ್ಬಿ ಪೂರ್ತಿ ಮುಚ್ಚುವುದಿಲ್ಲ. ಆಗ ಅಯಸ್ಕಾಂತ ಸೆನ್ಸರಿನಿಂದ ದೂರ ಉಳಿದು 'ಬಾಗಿಲು ತೆರೆದಿದೆ' ಎಂದೇ ತೋರಿಸುತ್ತಾ ಇರುತ್ತದೆ. ಅದು ಸಂಪರ್ಕದ ದೋಷ ಅಲ್ಲ, ಬಡಗಿಯನ್ನು ಕರೆಯಬೇಕು.

ಪಂಪ್‌ಶೆಡ್‌ನದ್ದು ಸ್ವಲ್ಪ ಬೇರೆ ಕೇಸು. ಎಷ್ಟು ದೂರ ಎಂದು ನೀವು ಬರೆದಿಲ್ಲ. ಮನೆಯೊಳಗೆ ಝಿಗ್‌ಬೀ 10ರಿಂದ 20 ಮೀಟರ್ ಬಂದರೆ ಹೆಚ್ಚು. ಬಯಲಿನಲ್ಲಿ ಇನ್ನೂ ದೂರ ಹೋಗುತ್ತದೆ, ಆದರೆ ಅಡಿಕೆ ತೋಟ ಬಯಲಲ್ಲ, ಮಳೆಯಲ್ಲಿ ಪ್ರತಿ ಸೋಗೆಯೂ ನೀರು ಹೊತ್ತು ನಿಂತಿರುತ್ತದೆ. ಮೇಲಾಗಿ ಶೆಡ್‌ಗೆ ತಗಡಿನ ಮಾಡು, ಕಬ್ಬಿಣದ ಬಾಗಿಲು ಇದ್ದರೆ ಒಳಗಿಟ್ಟ ಸೆನ್ಸರ್ ಡಬ್ಬಿಯೊಳಗೆ ಕೂತ ಹಾಗೆಯೇ. ಕಬ್ಬಿಣಕ್ಕೇ ಅಂಟಿಸಿದ್ದರೆ ಅದರ ಆಂಟೆನಾ ಅರ್ಧ ಕುರುಡು. ಅಯಸ್ಕಾಂತದ ತುಂಡನ್ನು ಬಾಗಿಲಿಗೂ ಸೆನ್ಸರಿನ ತುಂಡನ್ನು ಹೊರಗಡೆ ಮರದ ದಾರಂದಕ್ಕೂ, ಇರಚಲು ಹೊಡೆಯದ ಮಾಡಿನ ಅಡಿಯಲ್ಲಿ ಹಾಕಿ ನೋಡಿ. ದನದ ಹಟ್ಟಿಯಲ್ಲಿ ಕರೆಂಟಿದ್ದು ಅದು ಮನೆಗೂ ಶೆಡ್‌ಗೂ ನಡುವೆ ಬರುವುದಾದರೆ ಅಲ್ಲೊಂದು ಝಿಗ್‌ಬೀ ಪ್ಲಗ್ ಹಾಕಿ, ನೀರು ಸಿಡಿಯದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಲೋಹದ ಡಬ್ಬಿ ಬೇಡ. ಶೆಡ್‌ನಲ್ಲೇ ಕರೆಂಟಿದೆಯಲ್ಲ, ಅಲ್ಲೇ ಪ್ಲಗ್ ಹಾಕಿದರಾಗದೇ ಎಂದರೆ, ಆ ಪ್ಲಗ್ಗಿಗೂ ಜಗಲಿಯದ್ದಕ್ಕೂ ಮಾತು ಮುಟ್ಟಬೇಕಲ್ಲ. ನಡುವೆ ಆಸರೆ ಇಲ್ಲದೆ ಕೊನೆಯಲ್ಲಿ ಹಾಕಿ ಹೆಚ್ಚು ಪ್ರಯೋಜನ ಇಲ್ಲ. ಶೆಡ್‌ನ ಸ್ಟಾರ್ಟರ್ ಬೋರ್ಡಿನಿಂದ ನೀವೇ ತಂತಿ ಎಳೆಯಲು ಹೋಗಬೇಡಿ, ಅದು ತ್ರೀ ಫೇಸ್ ಇರಬಹುದು, ಎಲೆಕ್ಟ್ರಿಷಿಯನ್ ಮಾಡಲಿ.

ದೂರ 60, 70 ಮೀಟರ್ ದಾಟಿದ್ದು ನಡುವೆ ಹಟ್ಟಿಯೂ ಇಲ್ಲ ಎಂದಾದರೆ ನಾನಂತೂ ಅಲ್ಲಿ ಝಿಗ್‌ಬೀ ಜೊತೆ ಗುದ್ದಾಡುವುದಿಲ್ಲ. ಲೋರಾ ಎಂಬ ಇನ್ನೊಂದು ಬಗೆಯ ತಂತಿಯಿಲ್ಲದ ಸಂಪರ್ಕ ಇದೆ, ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಡೆಯುತ್ತದೆ. ತರಂಗ ಉದ್ದ, ಸೊಪ್ಪು ಮರ ದಾಟುವ ಶಕ್ತಿ ಜಾಸ್ತಿ, ಸಂದೇಶ ನಿಧಾನ. ಬಾಗಿಲು ತೆರೆಯಿತು ಎಂದು ಹೇಳಲು ವೇಗ ಯಾಕೆ ಬೇಕು? ಅದಕ್ಕೆ ಬೇರೆ ರಿಸೀವರ್ ಬೇಕಾಗುತ್ತದೆ, ಖರ್ಚು ಸ್ವಲ್ಪ ಜಾಸ್ತಿ. ತೋಟದ ಟಾಂಕಿಗೆ ನೀರಿನ ಮಟ್ಟ ನೋಡುವುದು ಹಾಕಬೇಕೆಂದಿದ್ದರೆ ಎರಡಕ್ಕೂ ಒಂದೇ ರಿಸೀವರ್ ಆಗುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಳಸುವವರಾದರೆ ಒಂದು ಎಚ್ಚರಿಕೆ: ಸೆನ್ಸರನ್ನು ಸುರಂಗದ ಒಳಗೆ ಇಟ್ಟರೆ ಯಾವ ತರಂಗವೂ ಹೊರಗೆ ಬರುವುದಿಲ್ಲ. ನೀರು ಬಂದು ಬೀಳುವ ಹೊರಗಿನ ಟಾಂಕಿಗೇ ಹಾಕಬೇಕು.

ಎಲ್ಲವನ್ನೂ ಒಂದೇ ದಿನ ಮಾಡಬೇಡಿ, ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಮೊದಲು ಹಬ್ಬನ್ನು ಮೋಡೆಮ್‌ನಿಂದ ದೂರ ಇಟ್ಟು, ಜಗಲಿಯ ಪ್ಲಗ್ ಕೀಳದೆ, ಅಡಿಕೆ ಕೋಣೆಯದ್ದನ್ನು ಇದ್ದಲ್ಲೇ ಪೇರ್ ಮಾಡಿ ಒಂದು ವಾರ ನೋಡಿ. ಆಮೇಲೂ ತಪ್ಪಿದರೆ ಮೋಡೆಮ್‌ನ ಚಾನೆಲ್‌ಗೆ ಕೈಹಾಕಿ. ಅದಾದ ಮೇಲೂ ಹೋಗುತ್ತಿದ್ದರೆ ಹಬ್‌ನ ಮಾಡೆಲ್, ಪ್ಲಗ್ ಝಿಗ್‌ಬೀಯದ್ದೋ ವೈಫೈಯದ್ದೋ, ಪಂಪ್‌ಶೆಡ್‌ಗೆ ಎಷ್ಟು ದೂರ, ಕ್ಯಾಲೆಂಡರಿನಲ್ಲಿ ಬರೆದಿಟ್ಟ ಹೊತ್ತುಗಳು, ಇಷ್ಟನ್ನು ಬರೆದು ಕಳಿಸಿ.